ಶಿವಗಂಗೆಯ ಒಳಕಲ್ಲು ತೀರ್ಥ

ಚಿಕ್ಕಬಾಣಾವರದ ನಿಲ್ದಾಣದಲ್ಲಿ ತುಮಕೂರಿನ ಕಡೆಯ ಪ್ಯಾಸೆಂಜರ್ ಗಾಡಿಯನ್ನೇರಿ ನಿಡುವಂದವನ್ನು ಸಮೀಪಿಸಿದರೆ ಎಡಬದಿಗೆ ಶಿವಗಂಗೆಯ ಬೆಟ್ಟ ಗೋಚರಿಸುತ್ತದೆ. ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ, ಹೀಗೆ ದಿಕ್ಕಿಗೊಂದು ಆಕಾರ ತಾಳುವುದೆಂದು ಹಿರಿಯರು ಹೇಳುವ ಈ ಕಕುದ್ಗಿರಿ, ಕಳೆದ ಮಾಗಿಯಲ್ಲಿ ನಾವು ಹೋದ ದಿನ ನಮಗೆ ತೋರಿದ್ದು ಮಂಜಿನ ಮುಸುಕನ್ನು ಮಾತ್ರ. ಡಾಬಸ್‌ಪೇಟೆಯಲ್ಲಿಳಿದು ಬಸ್ಸು ಹಿಡಿದೆವು. ಜೊತೆಗಿದ್ದವರು ನನ್ನ ಧರ್ಮಪತ್ನಿ ಮತ್ತು ಹತ್ತು ವರ್ಷದ ಮೊಮ್ಮಗಳು.

ಊರು ಚಿಕ್ಕದು. ಬೆಟ್ಟವೇ ಅದರ ಬದುಕು. ಮೇಲಣಗವಿ ಮಠದ ಹೆಸರಿನಲ್ಲಿಯೇ ಗವಿಯಿದೆ. ಗಂಗಾಧರೇಶ್ವರನ ಗುಡಿಯೂ ಬಂಡೆಯ ಒಡಲಿನಲ್ಲಿದೆ. ವಿರಕ್ತರು ಇಂತಹ ಕಲ್ಲನ್ನೇಕೆ ಆರಿಸಿಕೊಂಡರೆಂದು ಕೇಳಿದರೆ, ಏಕಾಂತಕ್ಕಾಗಿ ಎಂಬುದು ಅರ್ಧ ಉತ್ತರ. ನೀರಿಲ್ಲದ ಕಡೆ ಎಂತಹ ತಪಸ್ವಿಯೂ ನೆಲೆ ನಿಲ್ಲಲಾರ. ಪಾತಾಳಗಂಗೆ, ಅಂತರಗಂಗೆ, ತೀರ್ಥಕಂಬ ಎಂದು ಇಲ್ಲಿ ಅಡಿಗಡಿಗೂ ನೀರಿನದೇ ಹೆಸರು.

ಅವುಗಳಲ್ಲಿ ಒಳಕಲ್ಲು ತೀರ್ಥದ ಮುಂದೆ ನಾನು ಬಹಳ ಹೊತ್ತು ನಿಂತೆ. ಬಂಡೆಯಲ್ಲಿ ಒರಳಿನಂತಹ ಕಿರಿದಾದ ಕುಳಿ. ಕೈ ಇಳಿಬಿಟ್ಟಾಗ ನೀರು ತಗುಲಿದರೆ ಪುಣ್ಯವಂತರು, ಇಷ್ಟಾರ್ಥ ಸಿದ್ಧಿಸುತ್ತದೆ ಎಂಬುದು ಜನರ ನಂಬಿಕೆ. ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ನಮ್ಮ ತಾಯಿಯವರನ್ನು ಇಲ್ಲಿಗೆ ಕರೆತಂದಿದ್ದೆ. ಅವರ ಕೈಗೆ ನೀರು ಸಿಗಲಿಲ್ಲ. ಹಿಂದೆ ನಿಂತಿದ್ದವರಾರೋ ಲೊಚಗುಟ್ಟಿದರು. ಲಿಂಗಪೂಜೆಯಿಲ್ಲದೆ ಒಂದು ಹೊತ್ತೂ ಬಾಯಿಗೆ ನೀರು ಹಾಕಿದವರಲ್ಲ ಆ ತಾಯಿ. ಆದರೂ ತಾನು ಯಾವ ಪಾಪ ಮಾಡಿದ್ದೆನೋ ಎಂಬ ಕೊರಗನ್ನು ಕೊನೆಯವರೆಗೂ ಹೊತ್ತರು. ಅಂಗೈಯಲ್ಲಿ ಇಷ್ಟಲಿಂಗವಿರುವವರಿಗೆ ಕಲ್ಲಿನ ಕುಳಿ ತೀರ್ಪು ಹೇಳಬೇಕೇ? ಕುಳಿಯ ಆಳ, ನೀರಿನ ಮಟ್ಟ, ತೋಳಿನ ಅಳತೆ, ಇಷ್ಟೇ ಅಲ್ಲಿನ ಲೆಕ್ಕ. ಈ ಮಾತನ್ನು ಅಂದೇ ಆಡಬಹುದಾಗಿತ್ತು. ಶಾಸ್ತ್ರ ಓದಿದ್ದ ನಾನು, ಹಿರಿಯರ ನಂಬಿಕೆಯನ್ನು ಕದಡಬಾರದೆಂದು ಸುಮ್ಮನಿದ್ದೆ. ಅದು ವಿನಯವಾಗಿರಲಿಲ್ಲ, ಅಳುಕಾಗಿತ್ತು.

ಈ ಸಲ ಮೊಮ್ಮಗಳು ಬಂಡೆಗೆ ಕೆನ್ನೆಯೊತ್ತಿ ಕೈ ಚಾಚಿದಳು. ಸಿಗಲಿಲ್ಲ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ತಾಯಿ, ಕೂಸಿನ ತೋಳು ಗಿಡ್ಡ" ಎಂದುಬಿಟ್ಟೆ. ನನ್ನ ಧ್ವನಿ ಬೇಕಾದುದಕ್ಕಿಂತ ಗಟ್ಟಿಯಾಗಿತ್ತೆಂದು ನನ್ನ ಪತ್ನಿಯ ಆಕ್ಷೇಪಣೆ.

ಅಲ್ಲಿಂದ ಮೇಲಕ್ಕೆ ಮೊಣಕಾಲು ಒಪ್ಪಲಿಲ್ಲ. ಸುಮಾರು 4,500 ಅಡಿ ಎತ್ತರದ ಆ ಶಿಖರದ ಬಳಿ ಕಮರಿಯೊಂದಿದೆ; ಹೊಯ್ಸಳರ ರಾಣಿ ಶಾಂತಲೆ ಅಲ್ಲಿಂದ ಧುಮುಕಿದಳೆಂದು ತೋರಿಸುತ್ತಾರೆ. 1131ರಲ್ಲಿ ಆಕೆ ಶಿವಗಂಗೆಯಲ್ಲಿ ದೇಹಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ, ಧುಮುಕಿದ ಮಾತು ಅದರಲ್ಲಿಲ್ಲ. ಕಲ್ಲಿನ ಕುಳಿಗೆ ಕಥೆ ಕಟ್ಟಿದಂತೆ ಕಮರಿಗೂ ಕಟ್ಟಿದ್ದೇವೆ.

ಇಳಿಯುವಾಗ ಕಂದರಗಳ ತುಂಬ ಪ್ಲಾಸ್ಟಿಕ್ ಬಾಟಲಿಗಳು. ಈ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ತೆಂಕಣಕ್ಕೆ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ನಮ್ಮ ಚಿಕ್ಕಬಾಣಾವರದ ನೆರೆಯ ಹೆಸರಘಟ್ಟದ ಕೆರೆಯೂ ಅರ್ಕಾವತಿಯದೇ. 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ಬೆಂಗಳೂರು ದಶಕಗಳ ಕಾಲ ಕುಡಿದಿದೆ. ಈಗ ನೀಲಗಿರಿ ತೋಪುಗಳೂ ಕೊಳವೆಬಾವಿಗಳೂ ನೆಲದ ನೀರನ್ನು ಹೀರಿ, ಕುಮುದ್ವತಿಯ ಪಾತ್ರ ವರ್ಷದ ಬಹುಕಾಲ ಬರಿದು. ಇಂಗುಬಾವಿ ತೋಡಿ ನದಿಯನ್ನು ಮರಳಿ ತರುವ ಯತ್ನಗಳೂ ನಡೆದಿವೆ. ಒಳಕಲ್ಲಿನಲ್ಲಿ ನೀರು ಸಿಗದವರು ಪಾಪಿಗಳಾದರೆ, ಹೊಳೆಯನ್ನೇ ಬತ್ತಿಸಿದ ನಾವು ಯಾರು?

ಮಠದಲ್ಲಿ ಪ್ರಸಾದ ಸ್ವೀಕರಿಸಿ, ಸಂಜೆಯ ಗಾಡಿಗೆ ಡಾಬಸ್‌ಪೇಟೆಯಲ್ಲಿ ಕಾದು ಕುಳಿತೆವು. ಮೊಮ್ಮಗಳು ತನ್ನ ತೋಳನ್ನು ನನ್ನ ತೋಳಿಗೆ ಹಚ್ಚಿ ಅಳೆದು ನೋಡಿದಳು. "ತಾತ, ಮುಂದಿನ ವರ್ಷಕ್ಕೆ ಉದ್ದ ಆಗಿರುತ್ತೆ, ಅಲ್ವಾ?" ಎಂದಳು. ಆಗಿರುತ್ತದೆ ಎಂದೆ.