ಮುಟ್ಟಬಾರದು, ನೋಡಬೇಕು

ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಈ ವಿಷಯ ಕಿವಿಗೆ ಬಿದ್ದಿದ್ದೇ ತಡ, "ಪಾಸ್‌ಪೋರ್ಟೇ ಬೇಡ ಅಂದ್ಮೇಲೆ ಅದೆಂಥಾ ಫಾರಿನ್ ಟೂರೇ?" ಅಂತ ಅಮ್ಮ ತಂಗಿಯನ್ನು ರೇಗಿಸತೊಡಗಿದಳು. "ಗಡಿಯಾರ 15 ನಿಮಿಷ ಮುಂದಿಟ್ಕೋಬೇಕಮ್ಮ, ಅದಕ್ಕೇ ಫಾರಿನ್ನು" ಅಂದಳು ತಂಗಿ. ಅದು ನಿಜ. ನೇಪಾಳದ ಸಮಯ ನಮಗಿಂತ ಸರಿಯಾಗಿ 15 ನಿಮಿಷ ಮುಂದೆ.

ಅವಳು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಹೋದ ವರ್ಷ ಏಪ್ರಿಲ್‌ನಲ್ಲಿ ಕಾಲೇಜಿನಿಂದ 14 ಜನ ಹುಡುಗಿಯರು, ಇಬ್ಬರು ಮೇಡಂಗಳು ಒಂದು ವಾರ ಕಠ್ಮಂಡುವಿನ ಆಸ್ಪತ್ರೆ ನೋಡಲು ಹೊರಟರು. ಅವಳ ಕ್ಲಾಸಿನಲ್ಲಿ ನೇಪಾಳದ ಹುಡುಗಿಯರೂ ಇದ್ದಾರೆ. ಅವರಲ್ಲಿ ಒಬ್ಬಳು, ಊರು ಭಕ್ತಪುರ, "ಇಷ್ಟು ದೂರ ಬಂದು ಬೆಟ್ಟ ನೋಡದೆ ಹೋಗ್ತೀಯಾ?" ಅಂತ ತಲೆಗೆ ಹುಳ ಬಿಟ್ಟಳು. ಟೂರು ಮುಗಿದ ಮೇಲೆ ಇಬ್ಬರೂ ಎವರೆಸ್ಟ್ ದಾರಿಯಲ್ಲಿ ನಾಮ್ಚೆ, ಖುಮ್‌ಜುಂಗ್‌ವರೆಗೆ ಹೋಗಿ ಬರುವುದು ಅಂತಾಯಿತು. ಅಪ್ಪ ಒಪ್ಪಿದರು. ಅಮ್ಮ ಒಂದು ಷರತ್ತು ಹಾಕಿದಳು: ಅಣ್ಣ ಜೊತೆಗಿರಬೇಕು. ಹಾಗಾಗಿ ನಾನು ಆಫೀಸಿಗೆ ರಜೆ ಹಾಕಿ, ಆಸ್ಪತ್ರೆಯ ಕೊನೆಯ ಎರಡು ದಿನ ಇರುವಾಗ ಕಠ್ಮಂಡುವಿಗೆ ಬಂದಿಳಿದೆ.

ಅಷ್ಟರಲ್ಲಿ ಅವಳ ವಾಯ್ಸ್ ನೋಟುಗಳಿಂದ ಆಸ್ಪತ್ರೆಯ ಅರ್ಧ ಕಥೆ ನನಗೆ ಗೊತ್ತಾಗಿತ್ತು. ಅಲ್ಲಿ ಇವರಿಗೆ ಇದ್ದದ್ದು ಒಂದೇ ನಿಯಮ. ಯಾವ ರೋಗಿಯನ್ನೂ ಮುಟ್ಟುವ ಹಾಗಿಲ್ಲ. ಇಂಜೆಕ್ಷನ್ ಇಲ್ಲ, ಡ್ರೆಸ್ಸಿಂಗ್ ಇಲ್ಲ, ಬಿಪಿ ಕೂಡ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಬೇಕು. ನಾಲ್ಕು ವರ್ಷ ವಾರ್ಡಿನಲ್ಲಿ ಓಡಾಡಿದ ಹುಡುಗಿಯರಿಗೆ ಇದು ಶಿಕ್ಷೆಯ ಹಾಗೆ. "ಅಣ್ಣಾ, ಡ್ರಿಪ್ ಖಾಲಿಯಾಗ್ತಾ ಇದ್ರೂ ಬಾಯಲ್ಲಿ ಹೇಳ್ಬೇಕು ಕಣೋ, ಕೈ ಹಾಕಂಗಿಲ್ಲ" ಅಂತ ಮೊದಲ ದಿನ ಗೊಣಗಿದಳು.

ಎರಡನೇ ದಿನದಿಂದ ಗೊಣಗಾಟ ಕಡಿಮೆಯಾಯಿತು. ಕಾರಣ ವಾರ್ಡಿನ ಹಿರಿಯ ಸಿಸ್ಟರ್. ಐವತ್ತರ ಆಸುಪಾಸಿನ ಅವರು ದಿನದ ಕೊನೆಗೆ ಒಬ್ಬೊಬ್ಬರನ್ನೇ ಕರೆದು, ಇವತ್ತು ಏನು ನೋಡಿದಿರಿ ಅಂತ ಕೇಳುತ್ತಿದ್ದರಂತೆ. ಹುಡುಗಿಯರು ಡಯಾಗ್ನೋಸಿಸ್, ಔಷಧಿಯ ಹೆಸರು, ಡೋಸು ಹೇಳಲು ಶುರುಮಾಡಿದರೆ ಅವರು ಕೈಯೆತ್ತಿ ನಿಲ್ಲಿಸುತ್ತಿದ್ದರು. ಫೈಲಿನಲ್ಲಿರುವುದು ನನಗೂ ಗೊತ್ತು, ಫೈಲಿನಲ್ಲಿ ಇಲ್ಲದ್ದು ಹೇಳಿ. ಮೂರನೇ ದಿನ ತಂಗಿ, ನಾಲ್ಕನೇ ಬೆಡ್ಡಿನ ಅಜ್ಜಿ ಬೆಳಗ್ಗೆಯಿಂದ ನೀರಿನ ಲೋಟ ಮುಟ್ಟಿಲ್ಲ, ಬಲಗೈಯಿಂದ ಹೊದಿಕೆ ಎಳೆದುಕೊಳ್ಳಲು ಆಗುತ್ತಿಲ್ಲ ಅಂದಳಂತೆ. ಅವರು ಏನೂ ಹೇಳದೆ ಎದ್ದು ಆ ಬೆಡ್ಡಿನ ಕಡೆ ನಡೆದರು. ಆ ರಾತ್ರಿಯ ವಾಯ್ಸ್ ನೋಟ್ ಆರು ನಿಮಿಷದ್ದು. ನಾನು ಎರಡು ಸಲ ಕೇಳಿದೆ.

ನಾನು ಹೋದ ದಿನ ಆಸ್ಪತ್ರೆಯ ಹೊರಗೆ ಅವಳಿಗಾಗಿ ಎರಡು ಗಂಟೆ ಕಾಯಬೇಕಾಯಿತು. ಅಂಗಳದ ತುಂಬ ಜನ. ಒಬ್ಬರ ಕೈಯಲ್ಲಿ ಊಟದ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಔಷಧಿ ಚೀಟಿ, ಕಂಬಳಿ ಹಾಸಿಕೊಂಡು ಅಲ್ಲೇ ಮಲಗಿದವರು. ರೋಗಿಯ ಜೊತೆಗಿರುವ ಮನೆಯವರಿಗೆ ನೇಪಾಳಿಯಲ್ಲಿ ಕುರುವಾ ಅನ್ನುತ್ತಾರೆ. ಕುರ್ನು ಅಂದರೆ ಕಾಯುವುದು. ನಮ್ಮ ಭಾಷೆಯಲ್ಲೂ ಕಾಯುವುದು ಅಂದರೆ ದಾರಿ ನೋಡುತ್ತಾ ಕೂರುವುದೂ ಹೌದು, ಕಾಪಾಡುವುದೂ ಹೌದು. ಔಷಧಿ ತರುವವರು, ಸ್ಯಾಂಪಲ್ ಒಯ್ಯುವವರು, ರಾತ್ರಿ ಎದ್ದು ನೀರು ಕುಡಿಸುವವರು ಎಲ್ಲ ಅವರೇ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಅಜ್ಜನ ಜೊತೆ ಒಂದು ರಾತ್ರಿ ಕಳೆದಿದ್ದರೂ ಸಾಕು, ಇದೇನೂ ವಿದೇಶ ಅನ್ನಿಸುವುದಿಲ್ಲ.

ವಿದೇಶ ಅನ್ನಿಸಿದ್ದು ಬೇರೆ ವಿಷಯಗಳಲ್ಲಿ. ನಮ್ಮಲ್ಲಿ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಗೆ ಏನೂ ಹಚ್ಚಬಾರದು, ಒಣಗಿಸಿ ಇಡಬೇಕು ಅಂತ ಕಲಿಸುತ್ತಾರೆ. ಮನೆಯಲ್ಲಿ ಹೆರಿಗೆಯಾಗುವ ಹಳ್ಳಿಗಳು ಇನ್ನೂ ಇರುವ ನೇಪಾಳದಲ್ಲಿ ಕ್ಲೋರ್‌ಹೆಕ್ಸಿಡಿನ್ ಮುಲಾಮು ಹಚ್ಚುತ್ತಾರೆ. ಜನ ಅದನ್ನು ನಾಭಿ ಮಲಮ್ ಅನ್ನುತ್ತಾರೆ. ಎಣ್ಣೆ, ಅರಿಶಿನ ಹಚ್ಚುವ ರೂಢಿ ಬಿಡಿಸುವುದಕ್ಕಿಂತ ಹಚ್ಚುವ ವಸ್ತುವನ್ನೇ ಬದಲಿಸಿದರು ನೋಡಿ, ನನಗೆ ಇಷ್ಟವಾಯಿತು. ಆಸ್ಪತ್ರೆಗೆ ಬಂದು ಹೆರುವ ತಾಯಿಗೆ ಸರ್ಕಾರ ಕೊಡುವ ಹಣವೂ ಊರಿನ ಎತ್ತರ ನೋಡಿ ಬದಲಾಗುತ್ತದೆ: ಪರ್ವತದವರಿಗೆ 3000 ನೇಪಾಳಿ ರೂಪಾಯಿ, ಗುಡ್ಡಗಾಡಿನವರಿಗೆ 2000, ತರಾಯಿಯ ಬಯಲಿನವರಿಗೆ 1000. ನಡೆಯಬೇಕಾದ ದಾರಿಗೆ ತಕ್ಕ ಲೆಕ್ಕ.

ಕೊನೆಯ ದಿನ ಹಿರಿಯ ಸಿಸ್ಟರ್ ಇವರನ್ನೆಲ್ಲ ಚಹಾಕ್ಕೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರಂತೆ: "ಓದು ಮುಗಿದ ಮೇಲೆ ಯಾವ ದೇಶಕ್ಕೆ?" ಹೋಗುತ್ತೀರಾ ಅಂತಲ್ಲ, ಎಲ್ಲಿಗೆ ಅಂತ. ಅವರ ಕೈಕೆಳಗೆ ಕಲಿತವರಲ್ಲಿ ಎಷ್ಟೋ ಜನ ಹೊರಗಿದ್ದಾರೆ. ಆರೋಗ್ಯ ಸಿಬ್ಬಂದಿಯ ಕೊರತೆ ತೀವ್ರವಾಗಿರುವ 55 ದೇಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿತು, ಅದರಲ್ಲಿ ನೇಪಾಳವೂ ಇದೆ. ಅದಕ್ಕೂ ಮೊದಲೇ, 2022ರ ಆಗಸ್ಟ್‌ನಲ್ಲಿ, ನೇಪಾಳದ ನರ್ಸ್‌ಗಳನ್ನು ಕರೆಸಿಕೊಳ್ಳಲು ಬ್ರಿಟನ್ ಒಪ್ಪಂದ ಮಾಡಿಕೊಂಡಿತ್ತು. ಇವರ 14 ಜನರಲ್ಲಿ ಒಂಬತ್ತು ಜನ ಆಗಲೇ ಜರ್ಮನ್ ಕ್ಲಾಸಿಗೆ ಸೇರಿದ್ದರು. ತಂಗಿಯೂ ಅವರಲ್ಲಿ ಒಬ್ಬಳು. ಜರ್ಮನಿಗೆ ನರ್ಸ್ ಆಗಿ ಹೋಗಬೇಕಾದರೆ ಭಾಷೆಯಲ್ಲಿ ಬಿ2 ಹಂತ ದಾಟಬೇಕು, ಅವಳಿನ್ನೂ ಎ1. ನೀನೇನು ಹೇಳಿದೆ ಅಂತ ಕೇಳಿದೆ. "ಚಹಾ ಬಿಸಿ ಇತ್ತು ಅಣ್ಣ, ಊದ್ತಾ ಕೂತೆ" ಅಂದಳು.

ಸೀಸನ್ನಿನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಹಾರುವುದಿಲ್ಲ. ರಾತ್ರಿ ಒಂದೂವರೆಗೆ ಎದ್ದು, ಜೀಪಿನಲ್ಲಿ ತಿರುವುಗಳ ದಾರಿಯಲ್ಲಿ ನಾಲ್ಕೈದು ಗಂಟೆ ಒಲಾಡುತ್ತಾ ಮಂಥಲಿ ಎಂಬಲ್ಲಿಗೆ ಹೋಗಿ ಅಲ್ಲಿಂದ ಹಾರಬೇಕು. ಲುಕ್ಲಾ ರನ್‌ವೇ ಉದ್ದ ಬರೀ 527 ಮೀಟರ್, ಅದೂ ಇಳಿಜಾರು. ಒಂದು ತುದಿಗೆ ಕಲ್ಲಿನ ಗೋಡೆ, ಇನ್ನೊಂದು ತುದಿಗೆ ಕಣಿವೆ. ವಿಮಾನ ಇಳಿಯುವಾಗ ನಾನು ಮುಂದಿನ ಸೀಟು ಹಿಡಿದುಕೊಂಡಿದ್ದೆ, ತಂಗಿ ವಿಡಿಯೊ ಮಾಡುತ್ತಿದ್ದಳು. ವಿಡಿಯೊ ಪರ್ವತದ್ದಲ್ಲ, ನನ್ನ ಮುಖದ್ದು. ಅದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಈಗಲೂ ಸುತ್ತುತ್ತಿದೆ.

ಮೊದಲ ರಾತ್ರಿ ಫಾಕ್‌ಡಿಂಗ್, ಮರುದಿನ ನಾಮ್ಚೆ, 3440 ಮೀಟರ್. ದಾರಿಯುದ್ದಕ್ಕೂ ಕೆಂಪಗೆ ಅರಳಿದ ಲಾಲಿ ಗುರಾಂಸ್ ಹೂವು, ದೂಧ್‌ಕೋಸಿ ನದಿಯ ಮೇಲೆ ತೂಗಾಡುವ ಸೇತುವೆಗಳು, ಹೊರೆ ಹೊತ್ತ ಪ್ರಾಣಿಗಳ ಸಾಲು ಬಂದರೆ ಗುಡ್ಡದ ಬದಿಗೆ ಸರಿದು ನಿಲ್ಲಬೇಕು. ಕಣಿವೆಯ ಬದಿಗೆ ನಿಂತರೆ ಅವು ತಳ್ಳಿಕೊಂಡೇ ಹೋಗುತ್ತವೆ. ಎದುರಾದವರೆಲ್ಲ ಹೇಳುವ ಮಾತು ಒಂದೇ, ಬಿಸ್ತಾರೈ. ನಿಧಾನ.

ನಿಧಾನಕ್ಕೆ ಕಾರಣ ಇದೆ. ಖುಮ್‌ಜುಂಗ್‌ನ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ. ದೇಹ ಹೊಂದಿಕೊಳ್ಳಲು ದಿನಗಳು ಬೇಕು. ಅವಸರಪಟ್ಟರೆ ತಲೆನೋವು, ವಾಂತಿ. ಅದನ್ನು ಕಡೆಗಣಿಸಿದರೆ ಮಿದುಳಿನ ಊತ, ಇಲ್ಲವೇ ಶ್ವಾಸಕೋಶದಲ್ಲಿ ನೀರು. ನಾಮ್ಚೆಯಿಂದ ಮುಂದೆ ತಂಗಿ ದಿನಾ ಸಂಜೆ ನನಗೆ ಪರೀಕ್ಷೆ ಇಟ್ಟಳು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆ ಹಿಡಿದ ಹಾಗೆ ನೇರ ನಡೆಯಬೇಕು. ತೂರಾಡಿದರೆ ಮಿದುಳಿಗೆ ತೊಂದರೆ ಶುರುವಾಗಿದೆ ಅಂತ ಲೆಕ್ಕ. ಲಾಡ್ಜಿನ ಊಟದ ಹಾಲಿನಲ್ಲಿ ಇಪ್ಪತ್ತು ಜನ ನೋಡುತ್ತಿರುವಾಗ, ಟ್ರಾಫಿಕ್ ಪೊಲೀಸರ ಕೈಗೆ ಸಿಕ್ಕಿದ ಕುಡುಕನ ಹಾಗೆ ನಡೆದೆ.

ನನ್ನ ಬಳಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು. ಗಂಟೆಗೊಮ್ಮೆ ನೋಡುತ್ತಿದ್ದೆ. 88 ಬಂದಾಗ ಎದೆ ಧಸಕ್ಕೆಂದಿತು. ತಂಗಿ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಇಲ್ಲಿ ಅದು ನಾರ್ಮಲ್. ನೀನು ಊಟ ಮಾಡ್ತಿದೀಯ, ನನ್ನ ಜೊತೆ ಜಗಳ ಆಡ್ತಿದೀಯ, ಚೆನ್ನಾಗಿದೀಯ." ಮಾನಿಟರ್ ಕೆಂಪಾದರೆ ಮಾತ್ರ ಓಡಿ ಹೋಗುವ ಕೆಲಸ ನನ್ನದು. ಕೆಂಪಾಗುವ ಮೊದಲೇ ನೋಡುವುದು ಅವಳದು.

ಖುಮ್‌ಜುಂಗ್‌ನಿಂದ ಇಪ್ಪತ್ತು ನಿಮಿಷ ನಡೆದರೆ ಖುಂದೆ. ಅಲ್ಲಿ 1966ರಲ್ಲಿ ಎಡ್ಮಂಡ್ ಹಿಲರಿ ಕಟ್ಟಿಸಿದ ಪುಟ್ಟ ಆಸ್ಪತ್ರೆಯಿದೆ. ಎವರೆಸ್ಟ್ ಹತ್ತಿದ್ದಕ್ಕಿಂತ ಈ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ ಕಟ್ಟಿಸಿದ್ದೇ ಹಿಲರಿಯ ದೊಡ್ಡ ಕೆಲಸ ಅಂತ ನನಗೆ ಅನ್ನಿಸಿತು. ಆಗ ಈ ಭಾಗದ ಆಹಾರದಲ್ಲಿ ಅಯೋಡಿನ್ ತೀರಾ ಕಡಿಮೆ. ಎಷ್ಟೋ ಜನಕ್ಕೆ ಕುತ್ತಿಗೆಯಲ್ಲಿ ಗಳಗಂಡ, ಬುದ್ಧಿ ಬೆಳೆಯದೆ ಹುಟ್ಟುವ ಮಕ್ಕಳು. ಖುಂದೆಯ ಮೊದಲ ಕೆಲಸಗಳಲ್ಲಿ ಒಂದು ಅಯೋಡಿನ್ ಸೇರಿಸಿದ ಎಣ್ಣೆಯ ಇಂಜೆಕ್ಷನ್ ಕೊಡುವುದು. ತಂಗಿ ಹಗಲು ಅದನ್ನೆಲ್ಲ ನೋಡಿ ಬಂದಳು. ಕೈ ಹಿಂದೆ ಕಟ್ಟಿಕೊಂಡೇ.

ಆ ರಾತ್ರಿ ಖುಮ್‌ಜುಂಗ್‌ನ ಲಾಡ್ಜಿನಲ್ಲಿ ಪುಣೆಯ ಮೂವರು ಇದ್ದರು. ಕಠ್ಮಂಡುವಿನಿಂದ ಹೆಲಿಕಾಪ್ಟರಿನಲ್ಲಿ ನೇರ ಸ್ಯಾಂಗ್‌ಬೋಚೆಗೆ, 3700 ಮೀಟರ್ ದಾಟಿದ ಎತ್ತರಕ್ಕೆ ಬಂದು ಇಳಿದು ಅದು ಎರಡನೇ ರಾತ್ರಿ. ಅವರಲ್ಲಿ ಹಿರಿಯರು, ವಯಸ್ಸು ಐವತ್ತೈದು ಇರಬಹುದು, ಒಲೆಯ ಪಕ್ಕ ಕೂತು ಕೆಮ್ಮುತ್ತಿದ್ದರು. ಇಲ್ಲಿ ಒಣಗಾಳಿಗೆ ಎಲ್ಲರೂ ಕೆಮ್ಮುತ್ತಾರೆ, ನಾನು ಗಮನಿಸಲೂ ಇಲ್ಲ. ತಂಗಿ ಸೂಪ್ ಕುಡಿಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. "ಒಂದು ವಾಕ್ಯ ಪೂರ್ತಿ ಮಾತಾಡ್ತಿಲ್ಲ ನೋಡು. ನಾಲ್ಕು ಪದಕ್ಕೆ ನಿಲ್ಲಿಸ್ತಾರೆ" ಅಂದಳು ಮೆಲ್ಲಗೆ.

ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಹಿಂದಿಯಲ್ಲಿ ಊರು, ಮಕ್ಕಳು ಅಂತ ಮಾತಾಡಿಸುತ್ತಾ, ನಾಡಿ ನೋಡಲಾ ಅಂಕಲ್ ಅಂತ ಮಣಿಕಟ್ಟು ಹಿಡಿದಳು. ನಾಡಿ ನೋಡುತ್ತಿದ್ದಾಳೆ ಅಂತಲೇ ನಾನೂ ಅಂದುಕೊಂಡೆ. ಆಮೇಲೆ ಹೇಳಿದಳು, ಉಸಿರು ಎಣಿಸುತ್ತೇವೆ ಅಂತ ರೋಗಿಗೆ ಹೇಳಿದರೆ ಉಸಿರಾಟವೇ ಬದಲಾಗುತ್ತದಂತೆ. ಅದಕ್ಕೇ ಕೈ ಹಿಡಿದು, ಕಣ್ಣು ಎದೆಯ ಮೇಲಿಡಬೇಕು. ಪೂರ್ತಿ ಒಂದು ನಿಮಿಷ. ಕೂತಲ್ಲೇ ಕೂತ ಮನುಷ್ಯನಿಗೆ ಹೆಚ್ಚೆಂದರೆ 20 ಬರಬೇಕು. 34 ಬಂತು.

ನಾನು ಆಕ್ಸಿಮೀಟರ್ ತಂದುಕೊಟ್ಟೆ. ಅವರ ಬೆರಳು ಮಂಜುಗಡ್ಡೆಯಂತಿತ್ತು, ಪರದೆಯಲ್ಲಿ ಎರಡು ಅಡ್ಡಗೆರೆ ಬಿಟ್ಟರೆ ಏನೂ ಬರಲಿಲ್ಲ. "ಈಗಲೇ ಖುಂದೆ ಆಸ್ಪತ್ರೆಗೆ ಹೋಗಬೇಕು" ಅಂದಳು ತಂಗಿ. ಜೊತೆಗಿದ್ದವರೊಬ್ಬರು, ಸುಮ್ಮನೆ ನೆಗಡಿ, ಬೆಳಗ್ಗೆ ನೋಡೋಣ ಅಂದರು. ಆಮೇಲೆ, ನೀವು ಡಾಕ್ಟರಾ ಅಂತ ಕೇಳಿದರು. ಅಲ್ಲ ಅಂದಳು. ನರ್ಸಾ? ಇನ್ನೂ ಸ್ಟೂಡೆಂಟ್ ಅಂದಳು. ಅವರು ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುವ ಹಾಗೆ. ಇಂಥ ನಗು ನಮ್ಮ ಮನೆಗೂ ಬಂದಿದೆ. ನರ್ಸಿಂಗ್ ಓದಿಸ್ತಿದೀರಾ ಅಂತ ಕೇಳಿದ ನೆಂಟರೆಲ್ಲ ಹೀಗೇ ನಕ್ಕಿದ್ದರು.

ತಂಗಿಯ ಮುಖ ಕೆಂಪಾಯಿತು, ದನಿ ಏರಲಿಲ್ಲ. "ನೆಗಡಿಗೆ ಕೂತಲ್ಲೇ ನಿಮಿಷಕ್ಕೆ 34 ಸಲ ಉಸಿರಾಡಲ್ಲ. ನೀವೇ ಎಣಿಸಿ, ನಾನು ಟೈಮ್ ಹೇಳ್ತೀನಿ" ಅಂತ ಮೊಬೈಲ್ ಮುಂದೆ ಹಿಡಿದಳು. ಅವಳ ಗೆಳತಿ ಇಷ್ಟನ್ನೂ ನೇಪಾಳಿಯಲ್ಲಿ ಲಾಡ್ಜಿನ ಶೆರ್ಪಾ ದೀದಿಗೆ ಹೇಳಿದಳು. ದೀದಿ ಯಾರನ್ನೂ ಏನೂ ಕೇಳಲಿಲ್ಲ. ಒಳಗೆ ಹೋಗಿ ಮಗನನ್ನು ಎಬ್ಬಿಸಿದರು.

ಅವರನ್ನು ನಡೆಸುವ ಹಾಗಿರಲಿಲ್ಲ, ದಣಿವಾದಷ್ಟೂ ಅಪಾಯ. ದೀದಿಯ ಮಗ, ಇಪ್ಪತ್ತೆರಡರ ಹುಡುಗ, ಹೊರೆ ಹೊರುವ ಪಟ್ಟಿಯಲ್ಲಿ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ಟಾರ್ಚು ಹಿಡಿದು ನಾನು ಮುಂದೆ, ಪಕ್ಕದಲ್ಲಿ ಅವರ ಕೈ ಹಿಡಿದು ತಂಗಿ. ಬೆನ್ನ ಮೇಲೆ ಒಬ್ಬರನ್ನು ಹೊತ್ತವನು ಎಲ್ಲೂ ನಿಲ್ಲಲಿಲ್ಲ. ಟಾರ್ಚು ಮಾತ್ರ ಹೊತ್ತ ನಾನು ಮೂರು ಕಡೆ ನಿಂತೆ. ಖುಂದೆಯಲ್ಲಿ ಬಾಗಿಲು ತೆರೆದವರು ಬೆರಳು ಬೆಚ್ಚಗೆ ಮಾಡಿ ನೋಡಿದಾಗ ಆಕ್ಸಿಮೀಟರ್ 64 ತೋರಿಸಿತು. ಶ್ವಾಸಕೋಶದಲ್ಲಿ ನೀರು. ಆಮ್ಲಜನಕ ಹಾಕಿದರು, ನಿಫೆಡಿಪಿನ್ ಮಾತ್ರೆ ಕೊಟ್ಟರು. ಉಸಿರು ಎಣಿಸಿದ್ದು ಯಾರು ಅಂತ ಕೇಳಿದರು. ತಂಗಿ ಮುಂದೆ ಬಂದಳು. ಅಷ್ಟು ಹೊತ್ತು ಅವರ ಕೈ ಹಿಡಿದಿದ್ದವಳು, ಉತ್ತರ ಕೊಡುವಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಬೆಳಗ್ಗೆ ಮೋಡ ಸರಿಯಿತು. ಏಳೂವರೆಗೆ ಹೆಲಿಕಾಪ್ಟರ್ ಬಂದು ಅವರನ್ನು ಕಠ್ಮಂಡುವಿಗೆ ಒಯ್ದಿತು. ನಕ್ಕಿದ್ದ ಗೆಳೆಯರು ತಂಗಿಯ ಹತ್ತಿರ ಬಂದು ಏನೋ ಹೇಳಲು ಹೋಗಿ, ಕೊನೆಗೆ ಬ್ಯಾಗಿನಿಂದ ಬಾಕರ್‌ವಡಿಯ ಎರಡು ಪ್ಯಾಕೆಟ್ ತೆಗೆದುಕೊಟ್ಟರು. ಲುಕ್ಲಾ ತಲುಪುವವರೆಗೂ ನಮಗೆ ಅದೇ ತಿಂಡಿ.

ಊರಿಗೆ ಬಂದ ಮೇಲೆ ಅವಳು ಟೂರಿನ ಲಾಗ್‌ಬುಕ್ ಒಪ್ಪಿಸಿದಳು. ತಾರೀಕು, ವಾರ್ಡು, ನೋಡಿದ್ದೇನು, ಮೇಲ್ವಿಚಾರಕರ ಸಹಿ. ನಾಭಿ ಮಲಮ್ ಇದೆ, ಕುರುವಾಗಳ ಬಗ್ಗೆ ಅರ್ಧ ಪುಟ ಇದೆ, ನಾಲ್ಕನೇ ಬೆಡ್ಡಿನ ಅಜ್ಜಿ ಇದ್ದಾರೆ. ಖುಮ್‌ಜುಂಗ್ ಇಲ್ಲ. ಟೂರು ಮುಗಿದ ಮೇಲಿನದು, ಸಹಿ ಹಾಕುವವರು ಯಾರೂ ಇರಲಿಲ್ಲ. ಅಮ್ಮ ಮಾತ್ರ ಬೀದಿಯವರಿಗೆಲ್ಲ "ನಮ್ಮ ಪುಟ್ಟಿ ಎವರೆಸ್ಟ್ ಮೇಲೆ ಒಬ್ಬರ ಪ್ರಾಣ ಉಳಿಸಿದ್ಲು" ಅಂತ ಹೇಳಿಕೊಂಡು ಬಂದಳು. "ಅದು ಎವರೆಸ್ಟ್ ಅಲ್ಲಮ್ಮ. ಹೊತ್ಕೊಂಡು ಹೋಗಿದ್ದು ಆ ಹುಡುಗ, ನಾನು ಎಣಿಸಿದ್ದಷ್ಟೇ" ಅಂತ ಅವಳು ತಿದ್ದುತ್ತಲೇ ಇರುತ್ತಾಳೆ.

ಈಗ ಅವಳು ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ, ಈ ತಿಂಗಳು ನೈಟ್ ಡ್ಯೂಟಿ. ಜರ್ಮನ್ ಕ್ಲಾಸು ಬಿ1ಕ್ಕೆ ಬಂದಿದೆ. ಹೋಗ್ತೀಯಾ ಅಂತ ಕೇಳಿದರೆ ಪರೀಕ್ಷೆ ಮುಗೀಲಿ ಅನ್ನುತ್ತಾಳೆ. ಮೊನ್ನೆ ಬೆಳಗ್ಗೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಫೋನ್ ಮಾಡಿದ್ದಳು. ಹೊಸದಾಗಿ ಬಂದ ಸ್ಟೂಡೆಂಟ್ ಹುಡುಗಿಯರನ್ನು ಕರೆದು, ಫೈಲಲ್ಲಿ ಇಲ್ಲದ್ದು ಹೇಳಿ ಅಂದಳಂತೆ. ಒಬ್ಬಳು ತುಂಬಾ ಹೊತ್ತು ಯೋಚಿಸಿ, "ಅಕ್ಕ, ಒಂಬತ್ತನೇ ಬೆಡ್ಡಿನವರ ಹತ್ರ ಎರಡು ದಿನದಿಂದ ಯಾರೂ ಬಂದಿಲ್ಲ" ಅಂದಳಂತೆ.