ಹಲಸಂಗಿಯಲ್ಲಿ ನೋಡುವುದೇನಿದೆ?

ಭೀಮಾತೀರ ಎಂದ ಕೂಡಲೆ ನಾಡಿನ ಉಳಿದ ಕಡೆಯ ಜನ ಹುಬ್ಬು ಏರಿಸುತ್ತಾರೆ. ಬಂದೂಕು, ಹಗೆತನ, ಕೊಲೆ ಇವಿಷ್ಟೇ ಆ ಹೊಳೆಯ ದಂಡೆಯಲ್ಲಿ ಬೆಳೆಯುತ್ತವೆ ಎಂಬಂತೆ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. 2012ರಲ್ಲಿ ಆ ಹೆಸರು ಹೊತ್ತ ಸಿನಿಮಾವೂ ಬಂತು. ಕೊಲೆಗಳು ಆಗಿಲ್ಲವೆಂದು ನಾನು ಹೇಳುವುದಿಲ್ಲ, ಆಗಿವೆ. ಆದರೆ ಪಂಢರಪುರದಲ್ಲಿ ಚಂದ್ರಭಾಗೆ ಎನ್ನಿಸಿಕೊಂಡು, ವಾರಕರಿಗಳಿಗೆ ಸ್ನಾನ ಮಾಡಿಸಿ ಬರುವ ಹೊಳೆ ನಮ್ಮ ಸೀಮೆಗೆ ಕಾಲಿಟ್ಟ ಮಾತ್ರಕ್ಕೆ ನೆತ್ತರ ಹೊಳೆಯಾಗಿಬಿಡುತ್ತದೆಯೆ? ಅದೇ ನೀರಲ್ಲವೆ? ಈ ಸಿಟ್ಟು ನನಗೆ ಹಳೆಯದು. ಪರಊರಿನವರು ಮನೆಗೆ ಬಂದಾಗಲೆಲ್ಲ ಅದು ಒಂದಿಷ್ಟು ಕಾವೇರುತ್ತದೆ.

ಬಿಜಾಪುರಕ್ಕೆ ಪ್ರವಾಸಿಗಳು ಬರುವುದಿಲ್ಲವೆಂದಲ್ಲ. (ಹೆಸರು ವಿಜಯಪುರವಾದದ್ದು 2014ರಲ್ಲಿ. ನಾಲಗೆ ಇನ್ನೂ ಒಪ್ಪಿಲ್ಲ.) ಬರುತ್ತಾರೆ, ಗೋಲಗುಮ್ಮಟದಲ್ಲಿ ಕೂಗಿ ತಮ್ಮ ದನಿಯನ್ನು ತಾವೇ ಕೇಳುತ್ತಾರೆ, ಇಬ್ರಾಹಿಂ ರೋಜಾ, ಬಾರಾಕಮಾನು ನೋಡಿ, ಮಲಿಕ್-ಎ-ಮೈದಾನ ತೋಪನ್ನು ಮುಟ್ಟಿ, ಭಕ್ತಿಯುಳ್ಳವರಾದರೆ ಬಸವನ ಬಾಗೇವಾಡಿಗೆ, ಮಕ್ಕಳಿದ್ದರೆ ಆಲಮಟ್ಟಿಯ ತೋಟಕ್ಕೆ ಹೋಗಿ ಊರು ಸೇರುತ್ತಾರೆ. ಎಲ್ಲ ದಕ್ಷಿಣಕ್ಕೆ. ಉತ್ತರದ ಕಡೆಗೆ ಯಾರೂ ಮುಖ ಮಾಡುವುದಿಲ್ಲ. ಇಂಡಿ, ಸಿಂದಗಿ ಎಂಬ ಹೆಸರುಗಳು ಅವರಿಗೆ ಬರಗಾಲದ ಪಟ್ಟಿಯಲ್ಲಿ ಕಂಡಷ್ಟೇ ಪರಿಚಯ.

ಹೀಗಿರುವಾಗ ಒಂದು ಜನವರಿಯಲ್ಲಿ ನನ್ನ ಮಗಳನ್ನು ಕೊಟ್ಟ ಮೈಸೂರಿನ ಬೀಗರು ದಂಪತಿಸಮೇತ ಬಂದರು. ಗುಮ್ಮಟ-ಗಿಮ್ಮಟ ಒಂದೇ ದಿನದಲ್ಲಿ ಮುಗಿಯಿತು. ಮರುದಿನ ಎಲ್ಲಿಗೆ ಎಂದಾಗ ನಾನು ಹಲಸಂಗಿ ಎಂದೆ.

“ಅಲ್ಲೇನಿದೆ ಬೀಗರೇ ನೋಡೋಕೆ?”

“ನೋಡಲಿಕ್ಕೆ ಏನೂ ಇಲ್ರಿ. ನಮ್ಮ ಸೋದರತ್ತಿ ಅದಾಳ. ಉಂಡು ಬರೋಣು.”

ಬೀಗತಿಯವರು ನನ್ನ ಮಗಳನ್ನು ಪಕ್ಕಕ್ಕೆ ಕರೆದು, ಅದು ಭೀಮಾತೀರದ ಕಡೆಯೇ ಅಲ್ಲವೇ ಎಂದು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೂ ಬಿತ್ತು. ಅಂದು ನಾನು ಹೊರಟದ್ದು ಬೀಗರಿಗೆ ಊರು ತೋರಿಸಲಿಕ್ಕಲ್ಲ, ನಮ್ಮ ಸೀಮೆಯ ಪರವಾಗಿ ಸಾಕ್ಷಿ ಹೇಳಲಿಕ್ಕೆ.

ಸೊಲ್ಲಾಪುರದ ಹೆದ್ದಾರಿ ಹಿಡಿದು ಹೊರ್ತಿ, ಝಳಕಿ ದಾಟಿದರೆ ಎರಡೂ ಬದಿಗೆ ಎರಿ ಭೂಮಿ. ಬಿಳಿಜೋಳ ತೆನೆ ಕಟ್ಟಿತ್ತು. ನಡುನಡುವೆ ಕುಸುಬಿಯ ಸಾಲು, ಆಚೆ ಕಡಲೆ. ಬೀಗರು ಕಾವೇರಿ ನಾಲೆಯ ನೀರು ಕಂಡವರು. ಕಾಲುವೆ ಎಲ್ಲಿ ಎಂದು ಹುಡುಕಿದರು. ಕಾಲುವೆ ಇಲ್ಲ, ಮಳೆಯೂ ಇಲ್ಲ ಎಂದೆ. ಹಿಂಗಾರಿಯ ಜೋಳವನ್ನು ಬಿತ್ತುವುದೇ ಮಳೆಗಾಲದ ಬಾಲ ಹಿಡಿದು. ಆಮೇಲೆ ಮುಗಿಲು ಒಂದು ಹನಿ ಉದುರಿಸದಿದ್ದರೂ ಎರಿ ಮಣ್ಣು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡ ಹಸಿಯಿಂದಲೇ ಬೆಳೆಯನ್ನು ಸಾಕುತ್ತದೆ. ಚಳಿಗಾಲದ ಇಬ್ಬನಿ ಅದಕ್ಕೆ ಮೇಲುಣಿಸು. ಬೆಳೆ ಬಲಿಯುವ ಹೊತ್ತಿಗೆ ನೆಲ ಕೈ ಹೋಗುವಷ್ಟು ಬಿರಿದಿರುತ್ತದೆ. ಇಲ್ಲಿ ಬಿತ್ತುವ ಮಾಲದಂಡಿ ಜೋಳದಲ್ಲಿ ಹೆಸರಾದ ಎಂ-35-1 ಎಂಬುದು ಹೊಳೆಯಾಚೆ, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ. ಆಮೇಲೆ ಎಷ್ಟೋ ಹೈಬ್ರಿಡ್ ಬಂದವು. ರೊಟ್ಟಿಯ ರುಚಿ ಬಲ್ಲವರು ಇದನ್ನು ಬಿಟ್ಟುಕೊಡಲಿಲ್ಲ.

ಅದೇ ದಶಕದಲ್ಲಿ ಹಲಸಂಗಿಯಲ್ಲಿ ಇನ್ನೊಂದು ಬಗೆಯ ಬೀಜವನ್ನು ಆರಿಸುವ ಕೆಲಸ ನಡೆದಿತ್ತು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನು ಹಲಸಂಗಿ ಗೆಳೆಯರು ಎಂದು ಕನ್ನಡ ನಾಡು ಕರೆಯಿತು. ಹೊಲ ಮನೆ ನೋಡಿಕೊಂಡು, ಮಾಸ್ತರಿಕೆ ಮಾಡಿಕೊಂಡು ಇದ್ದ ತರುಣರು. ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುವ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಮಧುರಚೆನ್ನರು ಅರವಿಂದರ ಯೋಗಕ್ಕೆ ಒಲಿದವರು, ‘ನನ್ನ ನಲ್ಲ’ ಬರೆದವರು. ಬೇಂದ್ರೆಯವರಿಗೂ ಅವರಿಗೂ ಇದ್ದ ಗೆಳೆತನ ಓದುಗರಿಗೆ ತಿಳಿದದ್ದೇ. 1903ರಲ್ಲಿ ಹುಟ್ಟಿ, ಐವತ್ತಕ್ಕೇ ಹೋಗಿಬಿಟ್ಟರು. ವಿಶ್ವವಿದ್ಯಾಲಯಗಳಲ್ಲಿ ಜಾನಪದ ಎಂಬ ವಿಭಾಗ ಹುಟ್ಟುವ ಎಷ್ಟೋ ವರ್ಷ ಮೊದಲು, ರೊಕ್ಕವಿಲ್ಲದ ಒಂದು ಹಳ್ಳಿಯಲ್ಲಿ ಆದ ಕೆಲಸ ಇದು. ಲಿಂಗಾಯತರೂ ಮುಸಲ್ಮಾನರೂ ಒಂದೇ ಕಟ್ಟೆಯ ಮೇಲೆ ಕೂತು ಮಾಡಿದ ಕೆಲಸ ಎಂಬುದನ್ನೂ ಸೇರಿಸಿ ಹೇಳಿದೆ. ಭೀಮಾತೀರದ ಸಾಕ್ಷಿಯಲ್ಲಿ ಅದು ಬರಬೇಕಾದ ಮಾತು.

ಬೀಗರು ಕಾರಿನಲ್ಲಿ ತಲೆಯಾಡಿಸಿದರು. ಊರು ಬಂದಾಗ ಮಾತ್ರ ಸುತ್ತ ನೋಡಿ ಸುಮ್ಮನಾದರು. ಅದು ಸಹಜ. ಮಣ್ಣಿನ ಮಾಳಿಗೆಯ ಮನೆಗಳು ಕಡಿಮೆಯಾಗಿ ಸಿಮೆಂಟಿನವು ಏಳುತ್ತಿರುವ, ಎಲ್ಲ ಊರಿನಂಥ ಊರು. ಹಾಡಿಗೆ ಗುಮ್ಮಟ ಕಟ್ಟಲಿಕ್ಕಾಗುತ್ತದೆಯೆ?

ಅತ್ತಿಗೆ ಎಂಬತ್ತು ದಾಟಿದೆ. ಬಂದವರಿಗೆ ಕಾಲಿಗೆ ನೀರು ಕೊಟ್ಟು, ಬೀಗತಿಗೆ ಕುಂಕುಮ ಹಚ್ಚಿ, “ಊಟಾ ಆಗೂತನಕಾ ಇದನ್ನ ತಿನ್ರಿ” ಎಂದು ಒಂದು ಬುಟ್ಟಿ ಮುಂದಿಟ್ಟಳು. ಸೀತನಿ. ಹಾಲು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಹಸಿರು ಕಾಳು. ಜೊತೆಗೆ ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ. ವರ್ಷದಲ್ಲಿ ಮೂರು ನಾಲ್ಕು ವಾರ ಸಿಕ್ಕರೆ ಸಿಕ್ಕೀತು. ಕಾಳು ಬಲಿತರೆ ಮುಗಿಯಿತು. ಇದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಇನ್ನೂ ಯಾರಿಗೂ ಸರಿಯಾಗಿ ಸಾಧ್ಯವಾಗಿಲ್ಲ, ಆಗದಿರಲಿ. ಬೀಗರು ಒಂದು ಹಿಡಿ ತಿಂದರು, ಎರಡು ಹಿಡಿ ತಿಂದರು, ಆಮೇಲೆ ಬುಟ್ಟಿಯನ್ನೇ ತಮ್ಮ ಕಡೆ ಎಳೆದುಕೊಂಡರು.

ಊಟಕ್ಕೆ ಬಿಸಿ ರೊಟ್ಟಿ, ಕಟಿ ರೊಟ್ಟಿ ಎರಡೂ. ಬದನೆಕಾಯಿ ಎಣ್ಣಿಗಾಯಿ, ಪುಂಡಿಪಲ್ಯ, ಝುಣಕ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ, ಹೊಲದಿಂದ ಆಗಷ್ಟೇ ಕಿತ್ತು ತಂದ ಕಡಲೆಯ ಕುಡಿ. ಆ ಕುಡಿಯನ್ನು ತೊಳೆಯಬಾರದು. ಎಲೆಯ ಮೇಲೆ ಹುಳಿ ಕೂತಿರುತ್ತದೆ, ತೊಳೆದರೆ ಹೋಗುತ್ತದೆ. ಬೀಗತಿಯವರು ತೊಳೆಯಲು ಎದ್ದದ್ದನ್ನು ಅತ್ತಿ ಕೈಹಿಡಿದು ಕೂಡ್ರಿಸಿದಳು. ಸಿಹಿಗೆ ಶೇಂಗಾ ಹೋಳಿಗೆ. ಹೊಳೆಯಾಚೆ ಹೋದರೆ ಈ ರೊಟ್ಟಿಯೇ ಭಾಕ್ರಿ, ಈ ಝುಣಕವೇ ತುಸು ತೆಳ್ಳಗಾಗಿ ಪಿಠಲ. ಗಡಿಯ ಜಗಳ ಆಡುವವರು ಎರಡೂ ದಂಡೆಯಲ್ಲಿ ಒಮ್ಮೆ ಉಂಡು ಆಮೇಲೆ ಆಡಬೇಕು.

ಸುಮ್ಮನೆ ಉಣ್ಣುವವರಲ್ಲ ಬೀಗತಿ. ಒಲೆಯ ಮುಂದೆ ಹೋಗಿ ಕೂತರು. ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ ನಾದುವುದು, ಉಂಡೆ ಮಾಡಿ ಎರಡೂ ಅಂಗೈಯಿಂದ ತಟ್ಟುತ್ತ ತಿರುಗಿಸುವುದು, ಹಂಚಿಗೆ ಹಾಕಿ ಮೇಲ್ಮೈಗೆ ನೀರು ಸವರುವುದು, ಕಟಿ ಆಗಬೇಕಾದುದನ್ನು ಬೆಂಕಿಗೆ ಎದುರಾಗಿ ನಿಲ್ಲಿಸುವುದು ಎಲ್ಲ ನೋಡಿದರು. ತಾವೂ ತಟ್ಟಿದರು. ಅಂಚು ಬಿರಿಯಿತು, ಎತ್ತಿದರೆ ನಡುವೆ ಹರಿಯಿತು. ಅತ್ತಿ ನಕ್ಕಳು. ಜೋಳಕ್ಕೆ ಗೋದಿಯಂಥ ಅಂಟು ಇಲ್ಲ. ಬಿಸಿನೀರು ಬಿದ್ದಾಗ ಹುಟ್ಟುವ ಜಿಗಿಯೇ ಅದರ ಬಂಡವಾಳ. ಆ ಜಿಗಿಯೂ ಹೊಸ ಹಿಟ್ಟಿನಲ್ಲಿ ಮಾತ್ರ. ದಿನ ಕಳೆದಂತೆ ಹಿಟ್ಟು ಸಾಯುತ್ತದೆ, ಕಹಿಯಾಗುತ್ತದೆ, ತಟ್ಟಿದರೆ ಚೂರಾಗುತ್ತದೆ. ಹಿಂದೆ ನಮ್ಮ ಹೆಂಗಸರು ದಿನಾ ನಸುಕಿನಲ್ಲಿ ಎದ್ದು ಆ ದಿನದ ಹಿಟ್ಟನ್ನು ಆ ದಿನವೇ ಬೀಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ವಾರಕ್ಕೊಮ್ಮೆ ಬೀಸಿಟ್ಟುಕೊಳ್ಳುವ ಧಾನ್ಯ ನಮ್ಮದಾಗಿದ್ದರೆ ಬೆಳಗಿನ ಆ ಹಾಡುಗಳು ಅಷ್ಟು ಹುಟ್ಟುತ್ತಿದ್ದವೋ ಇಲ್ಲವೋ. ಪಂಡಿತರು ಏನಾದರೂ ಅನ್ನಲಿ, ಗರತಿಯ ಹಾಡಿಗೆ ಜೋಳವೇ ತವರು ಎಂದು ನನ್ನ ತಿಳಿವಳಿಕೆ.

ಈ ಮಾತಿನ ಗುಂಗಿನಲ್ಲೇ ಬೀಗತಿ ಕೇಳಿಬಿಟ್ಟರು: “ಅಮ್ಮಾ, ಒಂದು ಬೀಸೋ ಹಾಡು ಹೇಳಿ, ಫೋನಿನಲ್ಲಿ ಹಿಡಿದಿಟ್ಟುಕೊಳ್ತೀನಿ.”

ಅತ್ತಿ ಕೈ ನಿಲ್ಲಿಸಲಿಲ್ಲ. “ಕಲ್ಲ ತಿರಗಲಾರದ ಪದಾ ಹ್ಯಾಂಗ ಬರ್ತಾವವ್ವಾ? ನಮ್ಮತ್ತಿ ಆ ಕಡೆ ಕೂಡಾಕಿ, ನಾ ಈ ಕಡೆ. ಆಕಿ ಒಂದು ನುಡಿ ಅಂದ್ರ ನಾ ಒಂದು ಅನ್ನಾಕಿ. ಆಕಿ ಹೋದಳು, ಗಿರಣಿ ಬಂತು. ಒಬ್ಬಾಕಿನ ಹಾಡಾಕ ಅವೇನು ಸಿನಿಮಾದ ಪದಾ ಏನು?”

ಬೀಸುವ ಕಲ್ಲು ಹಿತ್ತಲಲ್ಲಿ ಗೋಡೆಗೆ ಒರಗಿತ್ತು. ಮೇಲಿನ ಕಲ್ಲು ಬೇರೆ, ಕೆಳಗಿನದು ಬೇರೆ. ಗೂಟ ಇರಲಿಲ್ಲ. ಗಿರಣಿಯನ್ನು ನಾನು ಬೈಯುವುದಿಲ್ಲ. ಕೋಳಿ ಕೂಗುವ ಮೊದಲು ಎದ್ದು ಮನೆಮಂದಿಯ ಹಿಟ್ಟು ಬೀಸಿದ ರಟ್ಟೆಯ ನೋವು ಹಾಡು ಕೇಳಿದವರಿಗೆ ಗೊತ್ತಿಲ್ಲ. ಬರೆದುಕೊಂಡ ಗೆಳೆಯರ ಹೆಸರು ನಾಡಿಗೆಲ್ಲ ತಿಳಿಯಿತು, ತಿಳಿಯಬೇಕಾದದ್ದೇ. ಹಾಡಿದವರ ಹೆಸರು ಮಾತ್ರ ಆಯಾ ದಿನದ ರೊಟ್ಟಿಯ ಜೊತೆಗೇ ತೀರಿಹೋಯಿತು.

ಉಂಡು ಕೂತಾಗ ಬೀಗತಿಗೆ ಧೈರ್ಯ ಬಂದಿರಬೇಕು, ಬೆಳಗಿನಿಂದ ಒಳಗಿದ್ದ ಪ್ರಶ್ನೆ ಹೊರಬಿತ್ತು. ಇಲ್ಲೆಲ್ಲ ಭಯ ಅಂತಾರಲ್ಲ, ಹೌದೇ ಎಂದರು.

“ಐತಿ ಯವ್ವಾ, ಭಯ ಯಾಕಿಲ್ಲ? ಎಪ್ಪತ್ತೆರಡರ ಬರದಾಗ ರಸ್ತೇಕ ಖಡಿ ಒಡದೇನಿ. ರೇಶನ್ನಿನ ಕೆಂಪ ಜ್ವಾಳದ ರೊಟ್ಟಿ ಗಂಟಲದಾಗ ಇಳೀತಿದ್ದಿಲ್ಲ. ಮೊನ್ನೆ ಮೊನ್ನೆ ಹೊಳಿ ಬಂದು ದಂಡಿ ಊರಿನ ಮಂದಿ ಗುಡಿಯಾಗ, ಸಾಲ್ಯಾಗ ಕುಂತ್ರು. ಮಳಿ ಹ್ವಾದ್ರೂ ಭಯ, ಬಂದ್ರೂ ಭಯ. ಮನಶ್ಯಾರದೇನು ಭಯ? ಉಣ್ಣಾಕ ಹಾಕಿದ್ರ ಎಲ್ಲಾರೂ ಕೂಡ್ತಾರ.”

ಅತ್ತಿ ಮೊನ್ನೆ ಎಂದದ್ದು 2020ರ ಅಕ್ಟೋಬರದ ಪ್ರವಾಹವನ್ನು. ನಾನು ಹೆದ್ದಾರಿಯುದ್ದಕ್ಕೂ ಹೇಳಿದ ಸಾಕ್ಷಿಗಿಂತ ಇದು ಗಟ್ಟಿಯಾಗಿತ್ತು. ಬೀಗರು ನನ್ನ ಮುಖ ನೋಡಿದರು, ನಾನು ಎಲೆಯಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದೆ.

ಹೊರಡುವಾಗ ಬೀಗತಿ, ಮೈಸೂರಿಗೆ ಒಂದಿಷ್ಟು ಜೋಳದ ಹಿಟ್ಟು ಬೇಕು ಎಂದರು. ಅತ್ತಿ ಒಪ್ಪಲಿಲ್ಲ. “ಹಿಟ್ಟ ಬ್ಯಾಡ. ನೀವು ಊರ ಮುಟ್ಟೂದರಾಗ ಜಿಗಿ ಹೋಗಿರತೈತಿ. ಕಾಳ ಒಯ್ರಿ. ಆವತ್ತಿಂದಾವತ್ತ ಬೀಸಿಸ್ಕೋರಿ” ಎಂದು ಹಗೇವಿನ ಕಾಲದ ಹಳೆಯ ಸೇರಿನಿಂದ ಅಳೆದು ಹತ್ತು ಸೇರು ಕಟ್ಟಿಕೊಟ್ಟಳು.

ಮರಳುವಾಗ ಇಂಡಿಯ ಮೇಲೆ ಬಂದೆವು. ನಿಂಬೆಯ ತೋಟಗಳು ಹೂ ಬಿಟ್ಟಿದ್ದವು. ಇಂಡಿಯ ನಿಂಬೆಗೆ ಈಚೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಅಲ್ಲಿಯೇ ಇದೆ. ಬರ ಬಿದ್ದಾಗ ಇದೇ ಗಿಡಗಳನ್ನು ಬದುಕಿಸಲು ರೈತರು ಟ್ಯಾಂಕರಿನ ನೀರು ಕೊಂಡು ಹಾಕುತ್ತಾರೆ ಎಂಬುದನ್ನು ಆ ಗುರುತಿನ ಚೀಟಿಯಲ್ಲಿ ಬರೆಯುವುದಿಲ್ಲ. ಇಂಡಿಯ ಬಳಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲಕ್ಕೆ ಒಂದು ದೊಡ್ಡ ಪಾಠಶಾಲೆ ಇತ್ತು. ಕ್ರಿ.ಶ. 945ರ ಶಾಸನ ಅದನ್ನು ಹೇಳುತ್ತದೆ. ಬೇರೆ ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು. ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿವೆಗೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಬೀಗರು ಬ್ಯಾಂಕಿನಲ್ಲಿ ಇದ್ದವರು, ಈ ಲೆಕ್ಕ ಅವರಿಗೆ ಬಹಳ ಹಿಡಿಸಿತು. ಹೊರಗಿನಿಂದ ಬಂದವರಿಗೆ ಉಣ್ಣಲಿಕ್ಕೆ ಹಾಕುವ ಚಾಳಿ ಈ ಸೀಮೆಗೆ ಹೊಸದಲ್ಲ ಎಂದು ನಾನು ಸೇರಿಸಿದೆ. ಗುರುದೇವ ರಾನಡೆಯವರ ನಿಂಬಾಳಕ್ಕೆ ಹೋಗಲು ಹೊತ್ತು ಸಾಲಲಿಲ್ಲ.

ಜೋಳಕ್ಕೆ ಈಗ ಸಿರಿಧಾನ್ಯವೆಂಬ ಪದವಿ ಬಂದಿದೆ. ವಿಶ್ವಸಂಸ್ಥೆ 2023ನ್ನು ಅದಕ್ಕೆಂದೇ ಮೀಸಲಿಟ್ಟಿತ್ತು. ನಮ್ಮ ಕಡೆ ಮಾತ್ರ ನೀರು ಬಂದಲ್ಲಿ ಕಬ್ಬು, ದ್ರಾಕ್ಷಿ ಹಬ್ಬುತ್ತಿವೆ. ಬರಲಿ, ರೈತನಿಗೆ ರೊಕ್ಕ ಬೇಕು. ಕಣಕಿ ಇಲ್ಲದೆ ದನ ಏನು ತಿನ್ನಬೇಕು ಎಂದು ಅತ್ತಿ ಕೇಳಿದರೆ ಉತ್ತರ ಹೇಳುವವರು ಯಾರೆಂದು ನನಗೆ ಗೊತ್ತಿಲ್ಲ.

ಹದಿನೈದು ದಿನಕ್ಕೆ ಮೈಸೂರಿನಿಂದ ಫೋನು ಬಂತು. ಬೀಗತಿಯವರು ಎರಡು ಸೇರು ಕಾಳು ಒಯ್ದಾಗ ಅಲ್ಲಿಯ ಗಿರಣಿಯವನು ರಾಗಿ ಬೀಸಿದ ಕಲ್ಲಿನಲ್ಲೇ ಹಾಕಿ ಬೀಸಿಕೊಟ್ಟನಂತೆ. ಬಿಳಿ ರೊಟ್ಟಿ ಬೂದುಬಣ್ಣಕ್ಕೆ ತಿರುಗಿತ್ತಂತೆ. ಆದರೆ ಹರಿಯಲಿಲ್ಲವಂತೆ. ಮೂರನೆಯದು ಉಬ್ಬಿತು ಎಂದು ಅತ್ತಿಗೆ ತಪ್ಪದೆ ತಿಳಿಸಬೇಕೆಂದು ಹೇಳಿದರು. ತಿಳಿಸಿದೆ. ಅತ್ತಿ, “ಕಾಳು ಇನ್ನ ಎಷ್ಟ ಉಳದಾವ ಕೇಳು, ಹೊಸಾದು ಒಕ್ಕಿದ ಮ್ಯಾಲ ಕಳಸೂಣು” ಎಂದಳು.