ಗುಡುಗುಡಿಯ ಪದವೂ ಗಿಟಾರಿನ ನಾದವೂ



ಸಂತ ಶಿಶುನಾಳ ಶರೀಫರ (1819-1889) ತತ್ತ್ವಪದಗಳನ್ನು ಧಾರವಾಡ-ಹಾವೇರಿ ಸೀಮೆಯ ಭಜನಾ ಮೇಳಗಳು ಇಂದಿಗೂ ಹಾಡುತ್ತಿವೆ. ಅಂತಹ ಮೇಳವೊಂದರಲ್ಲಿ ನಲವತ್ತು ವರ್ಷ ತಾಳ ಹಿಡಿದ ಹಿರಿಯರೊಬ್ಬರ ಮನೆಯಲ್ಲಿ, ರಜೆಗೆ ಬಂದ ಮೊಮ್ಮಗನು ಮೊಬೈಲಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಹಚ್ಚಿದನು. ಅದು ರಘು ದೀಕ್ಷಿತ್ ಅವರ ತಂಡದ 2008ರ ಮೊದಲ ಧ್ವನಿಮುದ್ರಿಕೆಯದು. ಚಲನಚಿತ್ರಕ್ಕಾಗಿ ಮಾಡಿದ್ದಲ್ಲ, ಸ್ವತಂತ್ರ ಗಾಯಕರೊಬ್ಬರು ತಾವೇ ಆರಿಸಿಕೊಂಡು ಹಾಡಿದ ಪದ. ಗಿಟಾರಿನ ಸದ್ದು ಕೇಳಿದೊಡನೆ ಅಜ್ಜನವರು, “ಮೊದಲ ಅದನ್ನ ಬಂದ್ ಮಾಡು. ಶರೀಫಜ್ಜಾರ ಪದಾ ಕುಣ್ಯಾಕಲ್ಲ” ಎಂದು ಗದರಿದರು.

“ಇದು ಗಾಂಜಾ ಸೇದೂ ಹಾಡೇನು ಅಜ್ಜಾ? ಹಾಸ್ಟೆಲ್‌ನ್ಯಾಗ ಹುಡುಗರು ಹಂಗ ಅಂತಾರ” ಎಂದನು ಹುಡುಗ.

ಆ ರಾತ್ರಿ ಅಜ್ಜನವರಿಗೆ ನಿದ್ರೆ ಹತ್ತಲಿಲ್ಲ.

ಅಂಬಿಗರ ಚೌಡಯ್ಯನವರು ತಮ್ಮ ದೋಣಿಯನ್ನೇ ಅನುಭಾವದ ಮಾತಾಗಿಸಿದಂತೆ, ಶರೀಫರು ಕಟ್ಟೆಯ ಮೇಲಿನ ಗುಡುಗುಡಿಯನ್ನು ಕೈಗೆತ್ತಿಕೊಂಡರು. ಅಲ್ಲಿ ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ, ಶರೀರವೇ ಬುರುಡೆ. ಸೇದುವವನು ಸುಡಬೇಕಾದುದು ತನ್ನ ಮೋಹವನ್ನೇ. ಅಮಲೇರಿಸುವ ಸಾಧನವನ್ನೇ ಅಮಲಿಳಿಸಲು ಬಳಸಿದ ಈ ಜಾಣ್ಮೆ ತಿಳಿಯದಿದ್ದರೆ ಪದವು ಬರಿಯ ಹೊಗೆಯಾಗುವುದು.

ಮರುದಿನ ಅಜ್ಜನವರು ತಾವೇ ಕೇಳಿ ಹಾಡನ್ನು ಹಚ್ಚಿಸಿಕೊಂಡರು. ಗಾಯಕನ ಉಚ್ಚಾರಣೆ ಸ್ಪಷ್ಟವಾಗಿತ್ತು. “ಬಾ, ನೋಡು” ಎಂದು ಕೈಹಿಡಿದು ಕರೆಯುವ ಸಲುಗೆ ದನಿಯಲ್ಲಿತ್ತು. ಅದು ಶರೀಫರದೇ ಸಲುಗೆ. ಗಿಟಾರಿನ ಮೇಲಣ ಸಿಟ್ಟು ಅಲ್ಲಿಯೇ ಅರ್ಧ ಇಳಿಯಿತು. (ಸಿ. ಅಶ್ವಥ್ ಅವರು ಹಾಡಿದ ಶರೀಫರ ಪದಗಳನ್ನು ಇದೇ ಅಜ್ಜನವರು ಕ್ಯಾಸೆಟ್ ಸವೆಯುವಷ್ಟು ಕೇಳಿದ್ದರು. ಅದೂ ಬರಿಯ ಏಕತಾರಿಯ ಹಾಡುಗಾರಿಕೆಯೇನಲ್ಲ.) ಕೊರತೆ ಇದ್ದದ್ದು ಓಟದಲ್ಲಿ. ನುಡಿಯ ಅರ್ಥ ಮನಸ್ಸಿಗಿಳಿಯುವ ಮೊದಲೇ ಪಲ್ಲವಿ ಮರಳಿ ಬರುವುದು. ಕುಣಿಯುವವನ ಕಿವಿಗೆ ಗುಡುಗುಡಿಯೊಂದೇ ಉಳಿಯುವುದು.

ಆದರೆ ಮೇಳದಲ್ಲಿ? ನಡುರಾತ್ರಿ ತೂಕಡಿಸುವವರನ್ನು ಎಬ್ಬಿಸಲೆಂದು ಈ ಪದವನ್ನು ದ್ರುತ ಗತಿಯಲ್ಲಿ ಎತ್ತಿಕೊಳ್ಳುತ್ತಿದ್ದವರು ಸ್ವತಃ ಅಜ್ಜನವರು. ಈ ಮೊಮ್ಮಗನು ಚಿಕ್ಕಂದಿನಲ್ಲಿ ಅವರ ತೊಡೆಯ ಮೇಲೆಯೇ ಕುಳಿತು ಅದನ್ನು ಎಷ್ಟೋ ಸಲ ಕೇಳಿದ್ದನು. ಅರ್ಥವನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ.

ಅಜ್ಜನವರು ಮೊಮ್ಮಗನನ್ನು ಹತ್ತಿರ ಕರೆದು, “ಇನ್ನೊಮ್ಮೆ ಹಚ್ಚು. ನಾ ನಿಲ್ಲಸು ಅಂದಲ್ಲೆ ನಿಲ್ಲಸು” ಎಂದರು. ಮೊದಲನೆಯ ನುಡಿ ಮುಗಿಯುವುದರೊಳಗೆ ನಾಲ್ಕು ಸಲ ನಿಲ್ಲಿಸಬೇಕಾಯಿತು.